ನಲವತ್ತೊಂದನೆಯ ಆಂಟೆನಾ

ಏಣಿಯ ಐದನೆಯ ಮೆಟ್ಟಿಲು ಕಿರ್ರೆಂದಿತು. ಪತ್ತೇದಾರ ಜಯಸಿಂಹ ನೀರಿನ ಟ್ಯಾಂಕಿನ ಅಂಚನ್ನು ಒಂದು ಕೈಯಿಂದ ಹಿಡಿದು, ಒಂದು ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತ.

"ಕೆಳಗ ನೋಡಬ್ಯಾಡ್ರಿ ಸಾಹೇಬ್ರ," ಎಂದಳು ರಾಚವ್ವ. ಏಣಿಯ ಬುಡವನ್ನು ಎದೆಗೆ ಅವುಚಿಕೊಂಡಿದ್ದಳು. "ನೋಡಿದ್ರ ತಲಿ ತಿರಗತೈತಿ."

"ನೀನು ಹೇಳೋವರೆಗೂ ನೋಡಿರಲಿಲ್ಲಮ್ಮ."

"ಗಟ್ಟಿ ಹಿಡಕೊಂಡೀನ್ರಿ. ನೀವೂ ಬಿದ್ರ ನನ್ನ ಗಂಡನ್ನ ಬಿಡಸಾವ್ರು ಯಾರದಾರ?"

ಅದೂ ನಿಜವೇ. ಭಾನುವಾರ ಬೆಳಿಗ್ಗೆ ಇದೇ ತಾರಸಿಯಿಂದ ಬಿದ್ದು ರೇಡಿಯೋ ಎಂಜಿನಿಯರ್ ಶೇಖರ ಸತ್ತಿದ್ದ. ಅವನನ್ನು ನೂಕಿದವನೆಂದು ಕಟ್ಟಡದ ವಾಚ್‌ಮನ್ ಗದಿಗೆಪ್ಪನನ್ನು, ರಾಚವ್ವನ ಗಂಡನನ್ನು, ಪೊಲೀಸರು ಹಿಡಿದಿದ್ದರು. ಈಗ ಬುಧವಾರ ಮಧ್ಯಾಹ್ನ. ನಾಳೆ ಹನ್ನೊಂದಕ್ಕೆ ಕೋರ್ಟು, ಅಲ್ಲಿಂದ ಜೈಲು.

ಜಯಸಿಂಹ ಟ್ಯಾಂಕಿನ ಮೇಲೆ ಹತ್ತಿ ಕುಳಿತ. ಫೆಬ್ರವರಿಯ ಬಿಸಿಲಿಗೆ ಸಿಮೆಂಟು ಕಾದಿತ್ತು. ಮೇಲಿನಿಂದ ಸುಖದೀಪ ಬಿಲ್ಡಿಂಗಿನ ಇಡೀ ತಾರಸಿ ಒಂದೇ ನೋಟಕ್ಕೆ ಸಿಕ್ಕಿತು. ಕಂಬಕ್ಕೊಂದು ಆಂಟೆನಾ. ಒಂದೊಂದೂ ತಿಂದು ಬಿಟ್ಟ ಮೀನಿನ ಮುಳ್ಳು. ಎಲ್ಲವೂ ಕಡ್ಡಿಗಳನ್ನು ಮಲಗಿಸಿಕೊಂಡು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ, ದಕ್ಷಿಣಕ್ಕೆ ಮುಖ ಮಾಡಿದ್ದವು. ದಕ್ಷಿಣದಲ್ಲಿ ವರ್ಲಿ. ವರ್ಲಿಯಲ್ಲಿ ಟಿವಿ ಗೋಪುರ.

ಎಣಿಸಿದ. ನಲವತ್ತೊಂದು. ಮತ್ತೊಮ್ಮೆ ಎಣಿಸಿದ.

"ಈ ಬಿಲ್ಡಿಂಗಿನಲ್ಲಿ ಎಷ್ಟು ಮನೆ, ರಾಚವ್ವ?"

"ನಲವತ್ತ್ರಿ, ನಮ್ಮ ಖೋಲಿ ಬಿಟ್ಟು. ಎಲ್ಲಾ ಮನ್ಯಾಗೂ ಟಿವಿ ಐತ್ರಿ. ನಮ್ಮಲ್ಲಿ ಒಂದ ಇಲ್ರಿ."

ಹೆಚ್ಚಿನದೊಂದು ಶೇಖರನ ರೇಡಿಯೋ ಯಂತ್ರದ್ದು. ಆದರೆ ಯಾವುದು? ಪೊಲೀಸರ ಪಂಚನಾಮೆಯಲ್ಲಿ ಒಂದೇ ಸಾಲು ಇತ್ತು: ಮೃತನ ಆಂಟೆನಾ ಸ್ವಸ್ಥಾನದಲ್ಲಿದೆ, ಅಲುಗಾಡಿಲ್ಲ. ಗದಿಗೆಪ್ಪನ ಕುತ್ತಿಗೆಗೆ ಬಿದ್ದ ಹಗ್ಗ ಆ ಸಾಲೇ. ಆಂಟೆನಾ ನೆಟ್ಟಗಿದ್ದರೆ ಶೇಖರನಿಗೆ ತಾರಸಿಯ ಅಂಚಿನಲ್ಲಿ ಕೆಲಸವಿರಲಿಲ್ಲ. ಕೆಲಸವಿಲ್ಲದವನು ಜಾರಿ ಬೀಳುವುದಿಲ್ಲ. ನೂಕಿಸಿಕೊಂಡೇ ಬಿದ್ದಿರಬೇಕು. ತಾರಸಿಯ ಬೀಗದ ಕೈ ಇದ್ದದ್ದು ವಾಚ್‌ಮನ್ನನ ಬಳಿ ಮಾತ್ರ ಎಂದು ಪೊಲೀಸರ ಲೆಕ್ಕ. ಹಿಂದಿನ ದಿನ ಅವನು ಶೇಖರನ ಜೊತೆ ಏರುದನಿಯಲ್ಲಿ ಮಾತಾಡಿದ್ದನ್ನು ನಾಲ್ಕು ಜನ ಕೇಳಿದ್ದರು.

ತಾರಸಿಯ ಬಾಗಿಲು ತೆರೆಯಿತು. ಶಾಮಲಾ ಬಂದಳು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಪುಟ್ಟ ವರ್ಕ್‌ಶಾಪಿನಲ್ಲಿ ಶೇಖರನ ಜೊತೆ ಕೂತು ಆ ಯಂತ್ರವನ್ನು ಬೆಸುಗೆ ಹಾಕಿದವಳು ಇವಳೇ. ಇಪ್ಪತ್ತಾರು ವರ್ಷ. ಹುಟ್ಟಿ ಬೆಳೆದದ್ದು ಚೆಂಬೂರಿನಲ್ಲಿ. ಕನ್ನಡ ಅಜ್ಜಿಯಿಂದ ಕಲಿತದ್ದು, ಅಜ್ಜಿ ಹೋದ ಮೇಲೆ ಅಲ್ಲಿಗೇ ನಿಂತಿದ್ದು.

ನಾಲ್ಕು ಹೆಜ್ಜೆ ನಡೆದು ನಿಂತಳು. ಸುತ್ತ ನೋಡಿದಳು.

"ನಮ್ದು ಎಲ್ಲಿ?"

"ಅದನ್ನ ತೋರಿಸಲಿ ಅಂತಲೇ ನಿನ್ನ ಕರೆಸಿದ್ದು," ಎಂದ ಜಯಸಿಂಹ ಮೇಲಿನಿಂದ.

ಶಾಮಲಾ ಕಂಬದಿಂದ ಕಂಬಕ್ಕೆ ಹೋದಳು. ಮೂಲೆಯ ಒಂದರ ಕೆಳಗೆ ನಿಂತು ದಪ್ಪನೆಯ ಕಪ್ಪು ಕೇಬಲನ್ನು ಮುಟ್ಟಿದಳು. ತಲೆಯೆತ್ತಿದಳು. ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತು.

"ಯೇ ಕಿಸ್ನೆ ಕಿಯಾ? ಯಾರು ಮಾಡಿದ್ದು ಇದು?"

"ಏನಾಯ್ತು?"

"ಸರ್, ಇದು ನಮ್ದು. ಆದ್ರೆ ನಾವು ಕಟ್ಟಿದ್ದು ಅಲ್ಲ." ಎರಡೂ ಕೈ ಎತ್ತಿ ತೋರಿಸಿದಳು. "ಟಿವಿದು ಕಡ್ಡಿ ಮಲಗಿರ್ತಾವೆ. ನಮ್ದು ನಿಂತಿರ್ಬೇಕು, ಸೀದಾ. ಮಲಗಿಸಿದ್ರೆ ಅರ್ಧ ಮಾತೂ ಹೋಗಲ್ಲ. ಮತ್ತೆ ಮುಖ ಆ ಕಡೆ." ಅವಳ ಬೆರಳು ಉತ್ತರಕ್ಕೆ, ವಿರಾರದಾಚೆ ಮಬ್ಬಾಗಿ ಕಾಣುವ ಗುಡ್ಡಗಳ ಕಡೆಗೆ ಹೋಯಿತು. "ಇದು ವರ್ಲಿ ನೋಡ್ತಾ ಇದೆ. ವರ್ಲಿಯಲ್ಲಿ ನಮಗೇನು ಕಾಮ್? ಶೇಖರ್ ಭಾಯ್ ನಿದ್ದೆಯಲ್ಲಿ ಕೂಡ ಹೀಗೆ ಕಟ್ಟಲ್ಲ."

ಜಯಸಿಂಹ ಏಣಿಯನ್ನು ಹೇಗೆ ಇಳಿದನೋ ಅವನಿಗೇ ತಿಳಿಯಲಿಲ್ಲ. ಐದನೆಯ ಮೆಟ್ಟಿಲು ಕಿರ್ರೆಂದದ್ದೂ ಕೇಳಿಸಲಿಲ್ಲ.

ಆಂಟೆನಾ ಅಲುಗಾಡಿಲ್ಲ ಎಂದು ಪೊಲೀಸರು ಬರೆದುಕೊಂಡಿದ್ದರು. ಅದು ಅಲುಗಾಡಿತ್ತು. ಕೆಳಗೆ ಬಂದಿತ್ತು. ಯಾರೋ ಅದನ್ನು ಮತ್ತೆ ಮೇಲೇರಿಸಿದ್ದರು. ಮೇಲೇರಿಸಿದವನಿಗೆ ಆಂಟೆನಾ ಎಂದರೆ ಟಿವಿಯದ್ದು ಮಾತ್ರ ಗೊತ್ತಿತ್ತು. ಕೈ ತನ್ನ ಅಭ್ಯಾಸದಂತೆ ಕಡ್ಡಿಗಳನ್ನು ಮಲಗಿಸಿ, ಮುಖವನ್ನು ವರ್ಲಿಗೆ ತಿರುಗಿಸಿತ್ತು.

ಅವನು ಕಂಬದ ಮಧ್ಯಭಾಗವನ್ನು ನೋಡಿದ. ಕಪ್ಪು ಕೇಬಲಿಗೆ ಅಲ್ಲೊಂದು ಜೋಡಣೆ ಇತ್ತು. ಜೋಡಣೆಯ ಮೇಲೆ ಹಾಲಿನ ಪ್ಲಾಸ್ಟಿಕ್ ಚೀಲವನ್ನು ಟೋಪಿಯಂತೆ ಬೋರಲು ಹಾಕಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದಿತ್ತು. ಪಟ್ಟಿಯನ್ನು ಓರೆಯಾಗಿ ಕತ್ತರಿಸಿತ್ತು. ಮೂರು ಸುತ್ತು, ಕೊನೆಯ ಸುತ್ತಿನೊಳಗೆ ತುದಿಯನ್ನು ತುರುಕಿತ್ತು.

ಪಕ್ಕದ ಕಂಬ ನೋಡಿದ. ಅದರ ಪಕ್ಕದ್ದು ನೋಡಿದ. ಎಲ್ಲದರಲ್ಲೂ ಹಾಲಿನ ಚೀಲ, ಓರೆ ಪಟ್ಟಿ, ಮೂರು ಸುತ್ತು. ಉಳಿದವುಗಳಲ್ಲಿ ಚೀಲ ಬಿಸಿಲಿಗೆ ಬೆಳ್ಳಗಾಗಿ ಸೀಳಿತ್ತು. ಇದರಲ್ಲಿ ಮಾತ್ರ ನೀಲಿ ಅಕ್ಷರಗಳು ಹೊಳೆಯುತ್ತಿದ್ದವು. ಚೀಲದೊಳಗೆ ಉಳಿದಿದ್ದ ಹಾಲು ಹುಳಿಯಾಗಿ, ಅದರ ವಾಸನೆಗೆ ಕೆಂಪಿರುವೆಗಳು ಕಂಬದುದ್ದಕ್ಕೂ ಸಾಲು ಹಿಡಿದಿದ್ದವು.

ಆ ಕಟ್ಟನ್ನು ಜಯಸಿಂಹ ಬಲ್ಲ. ಎಷ್ಟೋ ಸಲ ಅವನೇ ಕಂಬವನ್ನು ಹಿಡಿದುಕೊಂಡು ನಿಂತಿದ್ದ. ಪಟ್ಟಿ ಕತ್ತರಿಸುತ್ತ ಆ ಮನುಷ್ಯ ಹೇಳುತ್ತಿದ್ದ: ಓರೆಯಾಗಿ ಕತ್ತರಿಸು ಜಯ, ನೇರ ಕತ್ತರಿಸಿದರೆ ಬೇಗ ಹರಿಯುತ್ತೆ.

"ಸರ್," ಎಂದಳು ಶಾಮಲಾ. "ಇನ್ನೊಂದು ಇದೆ. ಇವತ್ತು ಬೆಳಿಗ್ಗೆ ಎಸ್‌ಟಿ ಬಸ್ ಕಂಡಕ್ಟರ್ ವರ್ಕ್‌ಶಾಪಿಗೆ ಬಂದು ಕೊಟ್ಟ. ಕಾಳಿಖಾಣದ ನರ್ಸ್ ಬರೆದಿದ್ದು."

ಕಾಳಿಖಾಣ ವಿರಾರದಾಚೆಯ ಗುಡ್ಡದಲ್ಲಿನ ಕಲ್ಲಿನ ಕ್ವಾರಿ. ಇನ್ನೂರು ಕೂಲಿಗಳು, ಒಂದು ಕೋಣೆಯ ದವಾಖಾನೆ, ಒಬ್ಬಳು ನರ್ಸ್. ಹತ್ತಿರದ ಟೆಲಿಫೋನಿಗೆ ಹನ್ನೊಂದು ಮೈಲಿ. ತಂತಿ ಎಳೆಯಲು ಇನ್ನೂ ಹತ್ತು ವರ್ಷ ಬೇಕೆಂದು ಇಲಾಖೆ ಹೇಳಿತ್ತು. ಬಾಂದ್ರಾದ ತನ್ನ ಒಂದು ಕೋಣೆಯ ಪತ್ತೇದಾರಿ ಆಫೀಸಿಗೆ ಫೋನು ಬೇಕೆಂದು ಎಂಟು ವರ್ಷದ ಹಿಂದೆ ಅರ್ಜಿ ಹಾಕಿ ಇನ್ನೂ ಕಾಯುತ್ತಿದ್ದ ಜಯಸಿಂಹನಿಗೆ ಅದರಲ್ಲಿ ಆಶ್ಚರ್ಯವೇನೂ ಕಂಡಿರಲಿಲ್ಲ. ಶೇಖರನಿಗೆ ಕಂಡಿತ್ತು. ತಂತಿಯೇ ಬೇಡ ಎಂದ ಅವನು. ನರ್ಸಿನ ಮೇಜಿನ ಮೇಲೆ ಒಂದು ಪೆಟ್ಟಿಗೆ, ಇಲ್ಲಿ ಏಳನೇ ಮಹಡಿಯ ತನ್ನ ಮನೆಯಲ್ಲಿ ಇನ್ನೊಂದು, ಅದಕ್ಕೆ ತಂತಿಯಿಲ್ಲದೆ ಕೈಯಲ್ಲಿ ಹಿಡಿದು ಮಾತಾಡುವ ಹ್ಯಾಂಡ್‌ಸೆಟ್. ಅವಳು ಅಲ್ಲಿ ಮಾತಾಡಿದರೆ ಮಾತು ಗಾಳಿಯಲ್ಲಿ ಇಲ್ಲಿಗೆ ಬರುತ್ತದೆ, ಇಲ್ಲಿಂದ ಶೇಖರನ ಫೋನಿನ ಮೂಲಕ ಯಾವ ಆಸ್ಪತ್ರೆಗೆ ಬೇಕಾದರೂ ಹೋಗುತ್ತದೆ. ಮೂರು ತಿಂಗಳ ಪರೀಕ್ಷೆಗೆ ಪರವಾನಗಿ ಸಿಕ್ಕಿತ್ತು. ಭಾನುವಾರಕ್ಕೆ ಮೂರು ವಾರವಾಗಿತ್ತು.

"ಓದು," ಎಂದ ಜಯಸಿಂಹ.

ಶಾಮಲಾ ಮರಾಠಿಯ ಕಾಗದ ಬಿಡಿಸಿ ತನಗೆ ಬಂದ ಕನ್ನಡದಲ್ಲಿ ಹೇಳುತ್ತ ಹೋದಳು.

"ಭಾನುವಾರ ಒಂಬತ್ತಕ್ಕೆ ಕಲ್ಲು ಕುಸೀತು. ಮೂರು ಜನ ಕೆಳಗೆ. ಒಬ್ಬ ಅಲ್ಲೇ ಹೋದ. ಇಬ್ಬರನ್ನ ಹೊರಗೆ ತೆಗೆದ್ವಿ, ಉಸಿರು ಇತ್ತು. ಒಂಬತ್ತು ಇಪ್ಪತ್ತಕ್ಕೆ ನಾನು ಶೇಖರ್ ಸಾಹೇಬರಿಗೆ ಮಾತಾಡ್ದೆ. ಆಂಬ್ಯುಲೆನ್ಸ್ ಬೇಕು, ರಕ್ತ ಬೇಕು ಅಂದೆ. ಹೋಲ್ಡ್ ಮಾಡಿ, ಆಸ್ಪತ್ರೆಗೆ ಜೋಡಿಸ್ತೀನಿ ಅಂದ್ರು. ಅಷ್ಟರಲ್ಲಿ ಬಂದ್ ಆಯ್ತು. ಹದಿನೈದು ನಿಮಿಷ ನಾನು ಕೂಗ್ತಾ ಇದ್ದೆ. ಆಮೇಲೆ ಮತ್ತೆ ಅವರ ದನಿ ಬಂತು, ಸಣ್ಣಗೆ. ದಾರಿ ಹೇಳಿ ಅಂದ್ರು. ನಾನು ದಾರಿ ಹೇಳ್ತಾ ಇದ್ದಾಗ ಅವರು ಪಕ್ಕದಲ್ಲಿ ಇರೋ ಯಾರಿಗೋ ಏನೋ ಹೇಳಿದ್ರು, ನನಗೆ ಅಲ್ಲ. ಮತ್ತೆ ಬಂದ್."

ಶಾಮಲಾ ನಿಲ್ಲಿಸಿದಳು. ಮುಂದಿನ ಸಾಲನ್ನು ಮೊದಲು ತಾನೇ ಓದಿಕೊಂಡು ಆಮೇಲೆ ಹೇಳಿದಳು.

"ನಿಮ್ಮ ಯಂತ್ರ ನಂಬಿ ನಾವು ಕಲ್ಲಿನ ಲಾರಿಯನ್ನ ಅರ್ಧ ಗಂಟೆ ನಿಲ್ಲಿಸಿದ್ವಿ. ಆಂಬ್ಯುಲೆನ್ಸ್ ಬರುತ್ತೆ ಅಂತ. ಕೊನೆಗೆ ಲಾರಿಯಲ್ಲೇ ಹಾಕಿದ್ವಿ. ವಿರಾರ್ ಮುಟ್ಟೋ ಮೊದಲೇ ಇಬ್ಬರೂ ಹೋದ್ರು. ಧರ್ಮಣ್ಣ, ವಯಸ್ಸು ಮೂವತ್ತು. ಶಂಕ್ರೆಪ್ಪ, ವಯಸ್ಸು ಇಪ್ಪತ್ತೆರಡು. ಊರಿಗೆ ಹೇಳೋದಕ್ಕೆ ಯಾರ ವಿಳಾಸವೂ ನಮ್ಮ ಹತ್ತಿರ ಇಲ್ಲ, ಭಾನುವಾರ ಸಂಜೆಯೇ ಮಣ್ಣು ಮಾಡಿದ್ವಿ."

ಏಣಿ ಗೋಡೆಗೆ ಬಡಿದ ಸದ್ದಾಯಿತು. ರಾಚವ್ವ ಅದನ್ನು ಕೈಬಿಟ್ಟಿದ್ದಳು.

"ಯಾವ ಶಂಕ್ರೆಪ್ಪರೀ?"

ಶಾಮಲಾ ಕಾಗದ ನೋಡಿದಳು. "ಹಣೆಯಲ್ಲಿ ಹಳೆ ಗಾಯ ಅಂತ ಬರೆದಿದಾರೆ. ಬಿಜಾಪುರ ಕಡೆ."

ರಾಚವ್ವ ಅಳಲಿಲ್ಲ. ಬಿಸಿ ಸಿಮೆಂಟಿನ ಮೇಲೆ ಮೆಲ್ಲಗೆ ಕೂತಳು, ಯಾರೋ ಕೂರಿಸಿದ ಹಾಗೆ.

"ನಮ್ಮ ಮೈದನ್ರಿ," ಎಂದಳು. "ನಾ ಲಗ್ನಾಗಿ ಬಂದಾಗ ಸಣ್ಣಾವ ಇದ್ದ. ಹಣಿ ಮ್ಯಾಲಿನ ಗಾಯ ನನ್ನ ಕೈಯಾಗ ಇದ್ದಾಗ ಆದದ್ದು." ಸೆರಗಿನಿಂದ ಮುಖ ಒರೆಸಿಕೊಂಡಳು. "ಶನಿವಾರ ಇವ್ರು ಶೇಖರ ಸಾಹೇಬ್ರ ಕೂಡ ಜಗಳಾಡಿಲ್ರಿ. ತಮ್ಮನ ಕೂಡ ಮಾತಾಡಸ್ರಿ ಅಂತ ಕೇಳಾಕತ್ತಿದ್ರು. ಸಾಹೇಬ್ರು ಅದು ಬ್ಯಾನಿ ಬಿದ್ದವರಿಗೆ ಇಟ್ಟದ್ದು, ಮಾತಾಡಾಕ ಅಲ್ಲ ಅಂದ್ರು. ಅದಕ್ಕ ದನಿ ಏರಿತ್ತು. ಅಷ್ಟ."

ಮೂರು ದಿನ. ಮೂವತ್ತು ಮೈಲಿ ದೂರದ ಸಾವು ಇಲ್ಲಿಗೆ ಬರಲು ಮೂರು ದಿನ ಹಿಡಿದಿತ್ತು, ಅದೂ ಒಬ್ಬ ಕಂಡಕ್ಟರನ ಜೇಬಿನಲ್ಲಿ.

*

ಮೂರನೆಯ ಮಹಡಿಯ ಬಾಗಿಲು ತೆರೆದವರು ರಮಾಮಣಿ.

"ಏನೋ ಜಯ, ಒಂದು ದಿನ ಮುಂಚೆ ಬಂದುಬಿಟ್ಟೆ? ಗುರುವಾರ ನಾಳೆ ಅಲ್ವೇನೋ?"

ಒಂಬತ್ತು ವರ್ಷದಿಂದ ಗುರುವಾರದ ರಾತ್ರಿಯೂಟ ಅವನಿಗೆ ಈ ಮನೆಯಲ್ಲಿ. ಹಾಸನದಿಂದ ಟ್ರಂಕು ಹಿಡಿದು ಬಂದಿಳಿದವನಿಗೆ ಮೊದಲ ಖೋಲಿ ಹುಡುಕಿಕೊಟ್ಟವರು ರಮಾಮಣಿಯ ಗಂಡ ಕೇಶವಮೂರ್ತಿ, ಅಂದಿನಿಂದ ಅವನಿಗೆ ಮಾವ. ರೈಲ್ವೆಯಿಂದ ನಿವೃತ್ತರಾಗಿ ಈಗ ಸುಖದೀಪ ಸೊಸೈಟಿಯ ಸೆಕ್ರೆಟರಿ. ನಲ್ಲಿ ಸೋರಿದರೂ ಅವರೇ, ಲಿಫ್ಟು ನಿಂತರೂ ಅವರೇ. ಏಷ್ಯನ್ ಗೇಮ್ಸಿನ ವರ್ಷ ಮನೆಮನೆಗೂ ಟಿವಿ ಬಂದಾಗ ಎಲ್ಲರ ಆಂಟೆನಾ ಕಟ್ಟಿಕೊಟ್ಟವರೂ ಅವರೇ. ಒಬ್ಬರ ಹತ್ತಿರವೂ ಒಂದು ಲೋಟ ಚಹಾ ಬಿಟ್ಟು ಬೇರೇನೂ ತೆಗೆದುಕೊಂಡವರಲ್ಲ.

ಅವರು ಕಿಟಕಿಯ ಬಳಿ ಆರಾಮ ಕುರ್ಚಿಯಲ್ಲಿದ್ದರು. ಮೂರು ದಿನದ ಗಡ್ಡ ಬಂದಿತ್ತು.

"ಮಾವ, ತಾರಸಿಗೆ ಬೀಗದ ಕೈ ಎಷ್ಟು?"

"ಒಂದು. ಗದಿಗೆಪ್ಪನ ಹತ್ತಿರ. ಪೊಲೀಸರಿಗೂ ಹೇಳಿದೀನಲ್ಲ."

"ದೇವರ ಕೋಣೆ ಬಾಗಿಲ ಹಿಂದೆ ಮೊಳೆಗೆ ನೇತು ಹಾಕಿರೋದು? ದೀಪಾವಳಿ ಹೊತ್ತಿಗೆ ದೀಪದ ಸರ ಕಟ್ಟೋಕೆ ನಾನೇ ಅದನ್ನ ತೆಗೆದುಕೊಟ್ಟಿದ್ದೆ."

ಕೇಶವಮೂರ್ತಿ ಕಿಟಕಿಯಾಚೆ ನೋಡಿದರು. "ಮರೆತಿತ್ತು."

"ಶೇಖರನ ಆಂಟೆನಾಗೆ ಹಾಲಿನ ಚೀಲ ಕಟ್ಟಿದ್ದು ಮರೆತಿದೆಯಾ?"

"ಎಲ್ಲದಕ್ಕೂ ಕಟ್ಟಿದೀನಿ ಕಣೋ. ಮಳೆಗೆ ಒಳಗೆ ನೀರು ಹೋಗದ ಹಾಗೆ."

"ಆ ಆಂಟೆನಾನ ಶೇಖರ ಮೂರು ವಾರದ ಹಿಂದೆ ತಾನೇ ಕಟ್ಟಿದ್ದ. ನಿಮ್ಮನ್ನ ಹತ್ತಿರಕ್ಕೂ ಸೇರಿಸಿರಲಿಲ್ಲ. ಸೊಸೈಟಿ ಮೀಟಿಂಗಿನಲ್ಲಿ ನೀವೇ ದೂರಿದ್ರಿ. ಈಗ ಅದರ ಮೇಲೆ ನಿಮ್ಮ ಚೀಲ ಇದೆ, ನಿಮ್ಮ ಓರೆ ಪಟ್ಟಿ ಇದೆ. ಚೀಲದೊಳಗೆ ಹಾಲಿನ ವಾಸನೆ ಇನ್ನೂ ಹೋಗಿಲ್ಲ, ಮಾವ. ಇರುವೆ ಹರೀತಿವೆ."

ಒಳಗೆ ಕಾಫಿಯ ಲೋಟ ಕೆಳಗಿಟ್ಟ ಸದ್ದಾಯಿತು. ರಮಾಮಣಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಹೇಳಿಬಿಡಿ," ಎಂದರು ಅವರು. "ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ ನೀವು."

ಕೇಶವಮೂರ್ತಿ ಜಯಸಿಂಹನ ಕಡೆ ತಿರುಗಿ ಕುಳಿತರು.

"ಭಾನುವಾರ ಒಂಬತ್ತಕ್ಕೆ ಧಾರಾವಾಹಿ ಶುರುವಾಯ್ತು. ಇಡೀ ಬಿಲ್ಡಿಂಗ್ ಟಿವಿ ಮುಂದೆ. ಒಂಬತ್ತು ಇಪ್ಪತ್ತಕ್ಕೆ ಗೆರೆ ಬಂತು. ಅವನ ಯಂತ್ರ ಓಡಿದಾಗೆಲ್ಲ ಬರುತ್ತಲ್ಲ, ಅದೇ ಗೆರೆ. ಮುಖ ಕಾಣಲ್ಲ, ಮಾತು ಕೇಳಲ್ಲ, ಬರೀ ಗರ ಗರ. ಕಿಟಕಿ ಕಿಟಕಿಯಿಂದ ಕೂಗೋಕೆ ಶುರು ಮಾಡಿದ್ರು. ಸೆಕ್ರೆಟರಿ ಸಾಬ್, ಸೆಕ್ರೆಟರಿ ಸಾಬ್ ಅಂತ. ನಲವತ್ತು ಮನೆಯವರು ಕೂಗಿದರೆ ಒಬ್ಬ ಮನುಷ್ಯ ಏನು ಮಾಡಬೇಕು, ನೀನೇ ಹೇಳು."

"ಏನು ಮಾಡಿದ್ರಿ?"

"ಸ್ಪ್ಯಾನರ್ ತಗೊಂಡು ಹೋದೆ. ಕ್ಲಾಂಪ್ ಸಡಿಲ ಮಾಡಿ ಆಂಟೆನಾನ ಇಳಿಸಿ ಕೆಳಗೆ ಮಲಗಿಸಿದೆ. ಅಷ್ಟೇ. ಒಂದು ಗಂಟೆ ಮಟ್ಟಿಗೆ ಅಂತ. ಮುಗಿದ ಮೇಲೆ ಮತ್ತೆ ಹಾಕಿದರಾಯ್ತು ಅಂತ. ಅದಕ್ಕೇ ತಾರಸಿಗೆ ಬೀಗವನ್ನೂ ಹಾಕಲಿಲ್ಲ. ಇಳಿಸಿದ ತಕ್ಷಣ ಕೆಳಗಡೆಯಿಂದ ಚಪ್ಪಾಳೆ ಕೇಳಿಸ್ತು ಕಣೋ. ಎಲ್ಲಾ ಮನೆಯಿಂದ. ನನಗೆ ಖುಷಿಯಾಯ್ತು."

ಜಯಸಿಂಹ ಮನಸ್ಸಿನಲ್ಲೇ ಆ ಚಪ್ಪಾಳೆಯನ್ನು ಕೇಳಿಸಿಕೊಂಡ. ಅದೇ ಕ್ಷಣದಲ್ಲಿ ಮೂವತ್ತು ಮೈಲಿ ದೂರದಲ್ಲಿ ಒಬ್ಬಳು ಸತ್ತ ಪೆಟ್ಟಿಗೆಯೊಂದಕ್ಕೆ ಬಾಯಿ ಹಚ್ಚಿ ಕೂಗುತ್ತಿದ್ದುದನ್ನೂ ಕೇಳಿಸಿಕೊಂಡ. ಜೇಬಿನಿಂದ ನರ್ಸಿನ ಕಾಗದ ತೆಗೆದು ಅದರಲ್ಲಿದ್ದುದನ್ನೆಲ್ಲ ಹೇಳಿದ. ಎರಡು ಹೆಸರುಗಳನ್ನೂ ಹೇಳಿದ. ಎರಡನೆಯವನು ಯಾರ ತಮ್ಮನೆಂದೂ ಹೇಳಿದ.

ರಮಾಮಣಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನನಗೆ ಗೊತ್ತಿರಲಿಲ್ಲ," ಎಂದರು ಕೇಶವಮೂರ್ತಿ.

"ಶೇಖರನ್ನ ನೂಕಿದ್ದು?"

"ದೇವರಾಣೆ ನಾನಲ್ಲ. ನಾನು ಇಳಿದು ಬಂದಾಗ ತಾರಸಿಯಲ್ಲಿ ಯಾರೂ ಇರಲಿಲ್ಲ. ಧಾರಾವಾಹಿ ಮುಗಿದು ಹತ್ತು ಗಂಟೆಗೆ ಕೆಳಗೆ ಕಿರುಚಾಟ ಕೇಳಿದಾಗಲೇ ಎದ್ದದ್ದು. ಅಂಗಳದಲ್ಲಿ ಅವನು ಬಿದ್ದಿದ್ದ. ಪಕ್ಕದಲ್ಲಿ ಅವನ ಹ್ಯಾಂಡ್‌ಸೆಟ್ ಒಡೆದು ಬಿದ್ದಿತ್ತು. ಆಂಟೆನಾ ಕೆಳಗೆ ಮಲಗಿದ್ದನ್ನ ಪೊಲೀಸರು ನೋಡಿದರೆ ಯಾರು ಇಳಿಸಿದ್ದು ಅಂತ ಕೇಳ್ತಾರೆ. ಓಡಿ ಹೋಗಿ ಮೇಲೇರಿಸಿದೆ. ಹೇಗೆ ಏರಿಸಿದೆ ಅಂತ ಕೂಡ ನೋಡಲಿಲ್ಲ."

"ಅದು ನೆಟ್ಟಗಿರೋದನ್ನ ನೋಡಿಯೇ ಪೊಲೀಸರು ಇದು ಕೊಲೆ ಅಂದದ್ದು, ಮಾವ. ಗದಿಗೆಪ್ಪನ್ನ ಹಿಡಿದದ್ದು."

"ಗೊತ್ತು," ಎಂದರು ಕೇಶವಮೂರ್ತಿ. "ಸೋಮವಾರದಿಂದ ಗೊತ್ತು."

ಒಂದು ಪ್ರಶ್ನೆ ಮಾತ್ರ ಜಯಸಿಂಹನನ್ನು ಕೊರೆಯುತ್ತಿತ್ತು. "ಕೇಬಲಿಗೆ ಮಧ್ಯದಲ್ಲಿ ಜೋಡಣೆ ಯಾಕೆ? ಆಂಟೆನಾ ಬಿಚ್ಚೋಕೆ ಕೇಬಲ್ ಕತ್ತರಿಸಬೇಕಿಲ್ಲ."

"ನಾನು ಕತ್ತರಿಸಲಿಲ್ಲ."

"ಮತ್ತೆ?"

"ಎರಡನೇ ಸಲ ಹೋದಾಗ ಕತ್ತರಿಸಿತ್ತು. ಇಕ್ಕಳದಲ್ಲಿ ಕಚ್ಚಿ ಕತ್ತರಿಸಿದ ಹಾಗೆ. ಮನೆಯಿಂದ ಚೀಲ, ಪಟ್ಟಿ ತಂದು ಜೋಡಿಸಿಬಿಟ್ಟೆ, ಅಭ್ಯಾಸದಿಂದ. ಆಂಟೆನಾನೂ ನಾನು ಮಲಗಿಸಿದ ಜಾಗದಲ್ಲಿರಲಿಲ್ಲ. ತಾರಸಿ ಅಂಚಿನ ಪಾರಾಪೆಟ್ಟು ಗೋಡೆ ಪಕ್ಕ ಬಿದ್ದಿತ್ತು."

"ಆ ಗೆರೆ," ಎಂದರು ರಮಾಮಣಿ ಇದ್ದಕ್ಕಿದ್ದಂತೆ.

ಇಬ್ಬರೂ ತಿರುಗಿದರು.

"ಗೆರೆ ಮತ್ತೆ ಬಂತಲ್ಲ ಅವತ್ತು. ಎರಡನೇ ಸಲ ಜಾಹೀರಾತು ಮುಗಿದ ಮೇಲೆ. ನೀವು ಏಳೋಕೆ ಹೋದ್ರಿ, ನಾನೇ ಕೂತ್ಕೊಳ್ಳಿ ಅಂದೆ, ಸಾಕು ಇವರ ಸೇವೆ ಅಂದೆ. ಎರಡು ನಿಮಿಷ ಇತ್ತು. ಆಮೇಲೆ ತಾನಾಗೇ ಹೋಯ್ತು."

ತಾನಾಗೇ ಹೋಗಲಿಲ್ಲ. ಜಯಸಿಂಹನಿಗೆ ಎಲ್ಲವೂ ಒಮ್ಮೆಗೇ ಕಂಡಿತು. ಮಾತು ತುಂಡಾದಾಗ ಶೇಖರ ಮೊದಲು ಪೆಟ್ಟಿಗೆಯನ್ನು ತಡಕಿದ್ದ, ಆಮೇಲೆ ತಾರಸಿಗೆ ಓಡಿದ್ದ. ಮಲಗಿದ್ದ ಆಂಟೆನಾವನ್ನು ಕಂಬಕ್ಕೆ ಬಿಗಿಯಲು ಸ್ಪ್ಯಾನರ್ ಇರಲಿಲ್ಲ, ಸಮಯವೂ ಇರಲಿಲ್ಲ. ಅದನ್ನು ಕೈಯಲ್ಲೇ ಎತ್ತಿಕೊಂಡ. ಕಡ್ಡಿಗಳನ್ನು ನಿಲ್ಲಿಸಿ, ಗುಡ್ಡಕ್ಕೆ ಮುಖ ಮಾಡಿಸಿ, ಎಷ್ಟು ಮುಂದೆ ಹೋಗಬಹುದೋ ಅಷ್ಟು ಮುಂದೆ, ಪಾರಾಪೆಟ್ಟಿನ ಅಂಚಿಗೆ ಹೋಗಿ ನಿಂತ. ಒಂದು ಕೈಯಲ್ಲಿ ಆಂಟೆನಾ, ಇನ್ನೊಂದರಲ್ಲಿ ಹ್ಯಾಂಡ್‌ಸೆಟ್. ದಾರಿ ಹೇಳಿ ಎಂದ. ನಲವತ್ತು ಮನೆಗಳಲ್ಲಿ ಗೆರೆ ಬಂತು. ಆಗ ಯಾರೋ ಒಬ್ಬರು ಟಿವಿಯ ಮುಂದಿನಿಂದ ಎದ್ದರು, ಇಕ್ಕಳ ಹುಡುಕಿಕೊಂಡರು, ಮೆಟ್ಟಿಲು ಹತ್ತಿದರು.

ಇಲ್ಲವೇ ಟಿವಿಯೇ ನೋಡದ, ಕ್ವಾರಿಯ ಮಾಲೀಕರ ಕಡೆಯವರು. ಕಾಳಿಖಾಣದ ಸುದ್ದಿ ಗುಡ್ಡ ಇಳಿಯಬಾರದು ಎಂದಿದ್ದವರು.

"ಮಾವ, ಈಗ ನನ್ನ ಜೊತೆ ಸ್ಟೇಷನ್ನಿಗೆ ಬನ್ನಿ. ನನಗೆ ಹೇಳಿದ್ದನ್ನೇ ಅಲ್ಲಿ ಹೇಳಿ."

"ಬರೆದುಕೊಡ್ತೀನಿ," ಎಂದರು ಕೇಶವಮೂರ್ತಿ. ಎದ್ದು ಸೊಸೈಟಿಯ ಲೆಟರ್‌ಹೆಡ್ ತಂದರು. ಅವರ ಅಕ್ಷರ ಯಾವಾಗಲೂ ದುಂಡಗೆ, ಈಗಲೂ ದುಂಡಗೇ ಇತ್ತು. ಒಂದು ಪುಟದ ಇಂಗ್ಲಿಷು. ಜಯಸಿಂಹ ಓದಿದ. ಮತ್ತೊಮ್ಮೆ ಓದಿದ.

"ಗಾಳಿ ಅಂತ ಬರೆದಿದೀರಿ."

"ಹೂಂ. ಗಾಳಿಗೆ ಆಂಟೆನಾ ಬಿದ್ದಿತ್ತು. ಶೇಖರ ಅದನ್ನ ಎತ್ತೋಕೆ ಹೋಗಿ ಜಾರಿದ. ಆಮೇಲೆ ಸ್ಥಾನಕ್ಕೆ ಏರಿಸಿದವನು ನಾನು, ತಿಳಿಯದೆ. ಅಲ್ಲಿಗೆ ಕೊಲೆ ಅನ್ನೋದೇ ಹೋಯ್ತು. ಗದಿಗೆಪ್ಪ ಇವತ್ತೇ ಮನೆಗೆ."

"ಕೇಬಲ್ ಕತ್ತರಿಸಿದವನು?"

"ಅವನನ್ನ ಆಮೇಲೆ ಹುಡುಕು. ನಿನ್ನ ಕೆಲಸ ಅದೇ ತಾನೆ." ಕೇಶವಮೂರ್ತಿ ಅವನ ಮುಖ ನೋಡದೆ ಹೇಳಿದರು. "ಜಯ, ನಾನು ಇಳಿಸಿದೆ ಅಂತ ಬರೆದರೆ ಮೂರು ಹೆಣ ನನ್ನ ತಲೆಗೆ ಬರುತ್ತೆ. ನನಗೆ ಅರವತ್ತಮೂರು. ಇವಳಿಗೆ ನಾನು ಬಿಟ್ಟರೆ ಯಾರಿದಾರೆ? ಆ ಹುಡುಗರು ಹೇಗೂ ಹೋದರು. ಇರೋನನ್ನ ಬಿಡಿಸಿಕೋ. ನಾಳೆ ಹನ್ನೊಂದಾದ ಮೇಲೆ ಈ ಕಾಗದಕ್ಕೂ ಬೆಲೆ ಇರಲ್ಲ."

ಜಯಸಿಂಹ ಆ ಕಾಗದವನ್ನು ಅಲ್ಲೇ ಹರಿಯಬಹುದಿತ್ತು. ಹರಿಯಲಿಲ್ಲ. ಮಡಚಿ ಜೇಬಿನಲ್ಲಿಟ್ಟುಕೊಂಡ. ರಮಾಮಣಿಯ ಕಾಫಿ ಮೇಜಿನ ಮೇಲೆ ಕೆನೆಗಟ್ಟಿತ್ತು. ಒಂಬತ್ತು ವರ್ಷದಲ್ಲಿ ಮೊದಲ ಬಾರಿ ಅವನು ಅದನ್ನು ಮುಟ್ಟದೆ ಎದ್ದ.

*

ಪೊಲೀಸ್ ಸ್ಟೇಷನ್ನಿನ ಸಬ್ ಇನ್ಸ್‌ಪೆಕ್ಟರ್ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಓದಿದ. ಅವನ ಮುಖದಲ್ಲಿ ನಿರಾಳ ಕಾಣಿಸಿತು. ಕೊಲೆಯ ಫೈಲು ದಪ್ಪ, ಅಪಘಾತದ್ದು ತೆಳು.

"ಸೆಕ್ರೆಟರಿ ಬುಜುರ್ಗ್ ಆದ್ಮಿ ಹೈ, ಝೂಠ್ ಕ್ಯೂಂ ಬೋಲೇಗಾ," ಎಂದ. "ಲೇಕಿನ್ ವಾಚ್‌ಮನ್ ಕೋ ಭೀ ಸೈನ್ ಕರನಾ ಪಡೇಗಾ. ಸುಬಹ್ ಉಸನೇ ಭೀ ಆಂಟೆನಾ ಗಿರಾ ಹುವಾ ದೇಖಾ ಥಾ, ಹವಾ ಸೇ. ಬಸ್. ಆಜ್ ಹೀ ಛೋಡ್ ದೂಂಗಾ." ಹಿರಿಯ ಸೆಕ್ರೆಟರಿ ಸುಳ್ಳು ಹೇಳುವವರಲ್ಲ; ಗಾಳಿಗೆ ಬಿದ್ದ ಆಂಟೆನಾವನ್ನು ತಾನೂ ನೋಡಿದ್ದೆನೆಂದು ವಾಚ್‌ಮನ್ ಸಹಿ ಹಾಕಿದರೆ ಇವತ್ತೇ ಬಿಡುಗಡೆ.

ರಾಚವ್ವ ಆಗಲೇ ಲಾಕಪ್ಪಿನ ಕಂಬಿಯ ಮುಂದೆ ಕೂತಿದ್ದಳು. ಜಯಸಿಂಹ ಹತ್ತಿರ ಬರುವ ಹೊತ್ತಿಗೆ ಹೇಳಬೇಕಾದ್ದನ್ನು ಗಂಡನಿಗೆ ಹೇಳಿ ಮುಗಿಸಿದ್ದಳು. ಅದು ಗದಿಗೆಪ್ಪನ ಮುಖದಿಂದ ತಿಳಿಯಿತು. ಅವನು ಕಂಬಿಯನ್ನು ಹಿಡಿದು ನಿಂತಿದ್ದ. ಆರಡಿ ಎತ್ತರದ ಮನುಷ್ಯ; ನಿಂತಲ್ಲೇ ಗಿಡ್ಡನಾದಂತೆ ಕಂಡ.

"ಯಾವತ್ತು ಮಣ್ಣು ಮಾಡಿದ್ರಂತ?"

"ಐತವಾರ ಸಂಜಿಗೆ," ಎಂದಳು ರಾಚವ್ವ.

ಗದಿಗೆಪ್ಪ ತಲೆಯಾಡಿಸಿದ. ಆ ಸಂಜೆ ತಾನು ಎಲ್ಲಿದ್ದೆ, ಏನು ತಿಂದೆ ಎಂದು ಲೆಕ್ಕ ಹಾಕುವವನಂತೆ.

ಜಯಸಿಂಹ ವಿಷಯವನ್ನೆಲ್ಲ ಹೇಳಿದ. ಮರೆಮಾಚಲು ಮನಸ್ಸಾಗಲಿಲ್ಲ. ಗೆರೆ, ಸ್ಪ್ಯಾನರ್, ಚಪ್ಪಾಳೆ. ನರ್ಸಿನ ಕಾಗದ. ಆಮೇಲೆ ಸೆಕ್ರೆಟರಿಯ ಕಾಗದವನ್ನು ಬಿಡಿಸಿ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದ.

"ಗಾಳಿ ಅಂತ ಬರದಾರೇನ್ರಿ?" ಎಂದ ಗದಿಗೆಪ್ಪ.

"ಹೌದು."

"ಇನ್ನೊಮ್ಮಿ ಓದ್ರಿ."

ಜಯಸಿಂಹ ಓದಿದ.

"ಐತವಾರ ಗಾಳಿ ಇದ್ದಿಲ್ರಿ ಸಾಹೇಬ್ರ. ಒಂದ ಎಲಿ ಅಳ್ಳಾಡ್ತಿದ್ದಿಲ್ಲ. ಗೇಟಿನಾಗ ಕುಂತು ನಾ ಬೆವರು ವರಸಕೊಳ್ಳಾಕತ್ತಿದ್ದೆ."

"ನನಗೂ ಗೊತ್ತು ಗದಿಗೆಪ್ಪ. ಆದರೆ ಈಗ ನೀನು ಹೊರಗೆ ಬಂದರೆ ನಿಜವಾಗಿ ಕತ್ತರಿಸಿದವನನ್ನ ಹುಡುಕೋಕೆ ಆಗುತ್ತೆ. ನಾನು ಬಿಡಲ್ಲ. ಮಾತು ಕೊಡ್ತೀನಿ."

"ಹವಾ ಅಂತ ಫೈಲ್ ಬಂದ್ ಆದಮ್ಯಾಲ ಏನ ಹುಡಕ್ತೀರಿ?"

ಸಬ್ ಇನ್ಸ್‌ಪೆಕ್ಟರ್ ಬಂದು ಕಂಬಿಯ ನಡುವಿನಿಂದ ಪೆನ್ನು ಚಾಚಿದ. ಬೀಗದ ಗೊಂಚಲು ಹಿಡಿದ ಕಾನ್‌ಸ್ಟೇಬಲ್ ಅವನ ಹಿಂದೆಯೇ ನಿಂತಿದ್ದ.

"ಹಾಕು," ಎಂದಳು ರಾಚವ್ವ ತಗ್ಗಿದ ದನಿಯಲ್ಲಿ. "ಅವ ಅಂತೂ ಹ್ವಾದ. ನಾಳಿ ನಿನ್ನೂ ಒಯ್ದ್ರ ನಾ ಎಲ್ಲಿ ಹೋಗ್ಲಿ? ನಿನ್ನ ಕಾಲು ಹಿಡೀತೀನಿ, ಒಂದ ಸಹಿ ಹಾಕು."

ಗದಿಗೆಪ್ಪ ಪೆನ್ನನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಅವನ ಕೈ ಕಂಬಿಯಿಂದ ಕದಲಲಿಲ್ಲ.

"ನಮ್ಮ ತಮ್ಮ ಗಾಳಿಗಿ ಸತ್ತಿಲ್ಲ. ಮ್ಯಾಲ ಯಾರ್ಯಾರು ಹ್ವಾದ್ರು ಅಂತ ಗೇಟಿನಾಗ ಕುಂತವ ನಾ. ಕೋರ್ಟಿನಾಗ ಕೇಳ್ಲಿ, ಹೇಳ್ತೀನಿ. ಈ ಕಾಗದಕ್ಕ ನಾ ಸಹಿ ಹಾಕಂಗಿಲ್ಲ."

"ಗದಿಗೆಪ್ಪ, ಯಾರು ಹೋದರು? ನನಗೆ ಹೇಳು."

"ಒಲ್ಲೆ," ಎಂದ ಗದಿಗೆಪ್ಪ. "ಗಾಳಿ ಕಾಗದ ತಂದಾವ್ರು ನೀವ."